ನಡುನೀರಿನಲ್ಲಿ ನಿವೃತ್ತರಾಗುವುದನ್ನು ನಿಷೇಧಿಸುವ ಬಗ್ಗೆ

(ಸಂಬಂಧಪಟ್ಟ) ಇಲಾಖೆ
ಪ್ರಧಾನ ಕಚೇರಿ, ಮೂಡಣ ದಡ

ಸುತ್ತೋಲೆ ಸಂಖ್ಯೆ: ನದಿ/ಗಡಿ/ಹಿಂ-ಮುಂ/9
ಹೊರಡಿಸಿದ ಸಮಯ: ಬೆಳಿಗ್ಗೆ 11.00. (ಪಡುವಣ ದಡದಲ್ಲಿ ಈಗಿನ್ನೂ 9.00 ಆಗಿರುವುದರಿಂದ, ಅಲ್ಲಿನ ಸಿಬ್ಬಂದಿ ತಮ್ಮ ಹನ್ನೊಂದು ಆಗುವವರೆಗೆ ಇದನ್ನು ಓದತಕ್ಕದ್ದಲ್ಲ.)

ವಿಷಯ: ಲಾಂಚ್ ಚಾಲಕರು ನದಿಯ ಮಧ್ಯದಲ್ಲಿ ಒಂಬತ್ತು ಬಾರಿ ನಿವೃತ್ತರಾದ ಬಗ್ಗೆ ಹಾಗೂ ಮುಂದೆ ಹಾಗಾಗದಂತೆ ವಹಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ: 1) ಚಾಲಕರ ನಿವೃತ್ತಿ ಆದೇಶ. 2) ಚಾಲಕರ ಪತ್ನಿಯವರು ಕಚೇರಿಯ ಕಿಟಕಿಯ ಹೊರಗೆ ನಿಂತು ಮಂಡಿಸಿದ ಮೌಖಿಕ ಮನವಿ.

1. ಸೂರ್ಯನು ಇಲಾಖೆಯ ಅಧೀನದಲ್ಲಿರುವುದಿಲ್ಲ. ಅವನು ಮೂಡಣ ಊರಿಗೆ ಮೊದಲು, ಪಡುವಣ ಊರಿಗೆ ಆಮೇಲೆ ಬರುತ್ತಾನೆ. ಹಿಂದೆ ಪ್ರತಿ ಊರೂ ತನ್ನ ನೆತ್ತಿಗೆ ಸೂರ್ಯ ಬಂದಾಗ ಹನ್ನೆರಡು ಎಂದುಕೊಂಡು ನೆಮ್ಮದಿಯಾಗಿತ್ತು. ರೈಲು ಬಂದ ಮೇಲೆ ಊರಿಗೊಂದು ಹನ್ನೆರಡು ಇಟ್ಟುಕೊಂಡು ವೇಳಾಪಟ್ಟಿ ಬರೆಯಲಾಗದೆ, ಭೂಮಿಗೆ ಗೆರೆ ಎಳೆದು, ಗೆರೆಗೊಂದು ಗಂಟೆ ಎಂದು ಹಂಚಲಾಯಿತು. ಯಾರ ಮನೆಯ ಅಡುಗೆಕೋಣೆಗೂ ಪಡಸಾಲೆಗೂ ನಡುವೆ ಗೆರೆ ಹಾಯಬಾರದೆಂಬ ಸದುದ್ದೇಶದಿಂದ ಇಲ್ಲಿ ಅದನ್ನು ನದಿಯ ಮಧ್ಯದಲ್ಲಿ ಎಳೆದು, ಕೆಂಪು ಪೀಪಾಯಿಗಳನ್ನು ತೇಲಿಬಿಡಲಾಗಿದೆ. ಪೀಪಾಯಿಯ ಮೂಡಣಕ್ಕೆ ಒಂದು ಗಂಟೆ ಮುಂದು. ಪಡುವಣಕ್ಕೆ ಅದೇ ಒಂದು ಗಂಟೆ ಹಿಂದು.

2. ಇದಲ್ಲದೆ, ಬೇಸಿಗೆಯಲ್ಲಿ ಹೊತ್ತು ಬೇಗ ಹುಟ್ಟುತ್ತಿದ್ದು, ಜನ ಮಲಗಿರುವಾಗಲೇ ಬೆಳಕು ಪೋಲಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಬೇಗ ಏಳಿ ಎಂದು ಜನರಿಗೆ ಹೇಳಿದರೆ ಏಳುವುದಿಲ್ಲ. ಗಡಿಯಾರಕ್ಕೆ ಹೇಳಿದರೆ ಅದು ಎದುರು ಮಾತಾಡುವುದಿಲ್ಲ. ಆದ್ದರಿಂದ ಬೇಸಿಗೆಗೆ ಗಡಿಯಾರವನ್ನೇ ಒಂದು ಗಂಟೆ ಮುಂದಿಡಲಾಗುತ್ತದೆ. ಮೂಡಣ ದಡದವರು ಇದನ್ನು ನಿಗದಿತ ದಿನದಂದು ಮಾಡುತ್ತಾರೆ. ಪಡುವಣ ದಡದ ಸಮಿತಿಯು ಹದಿನೈದು ದಿನ ತಡವಾಗಿ ಸಭೆ ಸೇರುವುದರಿಂದ, ಆ ಹದಿನೈದು ದಿನ ನದಿಯ ಎರಡು ದಡಗಳ ನಡುವೆ ಎರಡು ಗಂಟೆಯ ಅಂತರವಿರುತ್ತದೆ.

3. ಸದರಿ ಹದಿನೈದು ದಿನಗಳ ಮೊದಲನೆಯ ದಿನವೇ ಚಾಲಕರ (ಇಡೀ ನದಿಗೆ ಇವರು 'ಲಾಂಚ್ ಮಾವ') ಸೇವೆಯ ಕೊನೆಯ ದಿನವೂ ಆಗಿತ್ತು. ಮೂವತ್ತೆರಡು ವರ್ಷಗಳಲ್ಲಿ ಇವರ ಮೇಲೆ ಒಂದೂ ದೂರಿಲ್ಲ. ಟಿಕೆಟ್ ಮರೆತ ಕಾರಣಕ್ಕೆ ಸ್ವಂತ ನಾದಿನಿಯನ್ನು ದಡದಲ್ಲೇ ಬಿಟ್ಟು ಹೊರಟ ಕೀರ್ತಿ ಇವರದು. ನಿವೃತ್ತಿ ಆದೇಶದಲ್ಲಿ 'ಸಂಜೆ ಐದು ಗಂಟೆಗೆ' ಎಂದಷ್ಟೇ ಇದ್ದು, ಯಾವ ದಡದ ಐದು ಎಂಬುದನ್ನು ನಮೂದಿಸಿರಲಿಲ್ಲ. ಆದೇಶ ಬೆರಳಚ್ಚು ಮಾಡಿದವರು ಪ್ರಸ್ತುತ ರಜೆಯಲ್ಲಿರುತ್ತಾರೆ.

4. ಅಂದು ಪಡುವಣ ದಡದಲ್ಲಿ ಮೂರೂವರೆಗೆ ಲಾಂಚ್ ಬಿಟ್ಟರೆ, ಇಪ್ಪತ್ತು ನಿಮಿಷದ ದಾರಿ, ಮೂಡಣ ದಡಕ್ಕೆ ಅಲ್ಲಿಯ ಐದಕ್ಕೆ ಹತ್ತು ನಿಮಿಷ ಮುಂಚೆ ತಲುಪಿ, ಹಾರ ಹಾಕಿಸಿಕೊಳ್ಳುವುದೆಂದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಗಡಿಯಾರ ಮುಂದೋಡಿದ್ದು ಯಾರಿಗೂ ನೆನಪಾಗಲಿಲ್ಲ. ನೆನಪಾದದ್ದು ಕೆಂಪು ಪೀಪಾಯಿ ದಾಟಿದಾಗ, ಚಾಲಕರಿಗೆ ಮಾತ್ರ. ಅಲ್ಲಿ ಆಗಲೇ ಐದು ಗಂಟೆ ನಲವತ್ತು ನಿಮಿಷ. ಅಂದರೆ ಅವರು ನಿವೃತ್ತರಾಗಿ ನಲವತ್ತು ನಿಮಿಷ ಕಳೆದಿತ್ತು.

5. ನಿವೃತ್ತ ವ್ಯಕ್ತಿಯು ಚುಕ್ಕಾಣಿ ಮುಟ್ಟತಕ್ಕದ್ದಲ್ಲವೆಂಬ ನಿಯಮವಿರುವುದರಿಂದ, ಚಾಲಕರು ಕೂಡಲೇ ಎಂಜಿನ್ ನಿಲ್ಲಿಸಿ, ಕೈ ತೆಗೆದು, ಟೋಪಿ ಕಳಚಿ, ಪ್ರಯಾಣಿಕರ ಹಲಗೆಯ ಮೇಲೆ ಬಂದು ಕುಳಿತರು. ಎದುರುಗಾಳಿಗೆ ಲಾಂಚ್ ಹಿಂದೆ ಸರಿಯಿತು. ಪೀಪಾಯಿಯ ಪಡುವಣಕ್ಕೆ ಬಂದೊಡನೆ ಗಂಟೆ ಮೂರು ನಲವತ್ತೆರಡಾಗಿ, ಸೇವೆಯಲ್ಲಿರುವುದು ಮನವರಿಕೆಯಾಗಿ, ಎದ್ದು ಟೋಪಿ ಹಾಕಿಕೊಂಡು ಚುಕ್ಕಾಣಿ ಹಿಡಿದರು. ಕರ್ತವ್ಯನಿಷ್ಠೆಯಿಂದ ಮೂಡಣಕ್ಕೆ ನಡೆಸಿದರು. ಪೀಪಾಯಿ ದಾಟಿದರು. ನಿವೃತ್ತರಾದರು.

6. ಹೀಗೆ ಒಂಬತ್ತು ಸಲ.

7. ಪ್ರಯಾಣಿಕರ ವರ್ತನೆ: ಮೊದಲ ಮೂರು ಸಲ ಗಲಾಟೆ ಮಾಡಿದವರು ನಾಲ್ಕನೆಯ ಸಲದಿಂದ ನಿವೃತ್ತಿಗೆ ಚಪ್ಪಾಳೆ, ಮರುನೇಮಕಕ್ಕೆ ಶಿಳ್ಳೆ ಹೊಡೆಯಲಾರಂಭಿಸಿದ್ದು ಖಂಡನೀಯ. ಕ್ಷೌರಿಕರೊಬ್ಬರು ಪ್ರತಿ ಸಲ ಗೆರೆ ದಾಟಿದಾಗಲೂ ಕೈಗಡಿಯಾರವನ್ನು ಎರಡು ಗಂಟೆ ತಿರುಗಿಸಿ ತಿರುಗಿಸಿ, ಅದರ ಕೀಲಿ ಕಿತ್ತು ಕೈಗೆ ಬಂದಿರುತ್ತದೆ. ಇಲಾಖೆ ಹೊಣೆಯಲ್ಲ.

8. ಮುಂದಿನ ಚಾಲಕಿಯಾಗಿ ನೇಮಕಗೊಂಡವರು ಚಾಲಕರ ತಂಗಿಯ ಮಗಳೇ ಆಗಿದ್ದು, ಅದೇ ಲಾಂಚಿನಲ್ಲಿದ್ದರು. ಅವರು, "ಮಾವ, ಬಿಡಿ ಇತ್ಲಾಗೆ, ನಾನು ಹಿಡ್ಕೋತೀನಿ" ಎಂದರು. ಚಾಲಕರು, "ರಿಜಿಸ್ಟರಿಗೆ ನಾನು ಸಹಿ ಹಾಕದೆ ನೀನು ಮುಟ್ಟೋ ಹಾಗಿಲ್ಲ ಕಣಮ್ಮ. ಆ ಕಡೆ ಸಹಿ ಹಾಕೋಕೆ ಇನ್ನೂ ಹೊತ್ತಾಗಿಲ್ಲ, ಈ ಕಡೆ ಹಾಕೋಕೆ ನಾನು ಯಾರೂ ಅಲ್ಲ" ಎಂದು ತಿಳಿಸಿದರು. ನಿಯಮಗಳ ಪ್ರಕಾರ ಈ ಉತ್ತರ ಸರಿಯಾಗಿರುತ್ತದೆ.

9. ಆರನೆಯ ನಿವೃತ್ತಿಯ ವೇಳೆ, ಪಕ್ಕದಲ್ಲಿ ಕುಳಿತಿದ್ದ ದರ್ಜಿ ಹೆಂಗಸು, "ನಿಜ ಹೇಳಿ ಮಾವ, ಗಾಳಿ ತಳ್ತಾ ಇದೆಯಾ, ನಿಮಗೇ ಹೋಗೋ ಮನಸ್ಸಿಲ್ವಾ?" ಎಂದು ಕೇಳಿದ್ದಾಗಿ ವಿಚಾರಣೆಯಲ್ಲಿ ತಿಳಿದುಬಂದಿದೆ. ಚಾಲಕರು ನೀರು ನೋಡುತ್ತ, "ಮೂವತ್ತೆರಡು ವರ್ಷ ಆ ದಡಕ್ಕೂ ಈ ದಡಕ್ಕೂ ಹೋಗಿದ್ದೀನಮ್ಮ. ಯಾವ ದಡದಲ್ಲೂ ನಿಂತಿಲ್ಲ. ನಿಂತ ಮೇಲೆ ಏನ್ ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ" ಎಂದರೆಂದು ವರದಿಯಾಗಿದೆ. ಈ ಹೇಳಿಕೆಗೆ ಹೊಂದುವ ನಮೂನೆ ಇಲಾಖೆಯಲ್ಲಿ ಲಭ್ಯವಿಲ್ಲದ ಕಾರಣ ಇಲ್ಲಿಯೇ ದಾಖಲಿಸಲಾಗಿದೆ.

10. ಅಷ್ಟರಲ್ಲಿ ಮೂಡಣ ದಡದಲ್ಲಿ ಹಾರ ಬಾಡತೊಡಗಿತ್ತು. ಚಾಲಕರ ಪತ್ನಿಯವರು (ನದಿಗೆಲ್ಲ 'ಅತ್ತೆ') ಯಾರನ್ನೂ ಕೇಳದೆ, ಇಲಾಖೆಯ ಚಿಕ್ಕ ದೋಣಿಯನ್ನು ಬಿಚ್ಚಿ, ತಾವೇ ಹುಟ್ಟು ಹಾಕಿಕೊಂಡು ಪೀಪಾಯಿಯವರೆಗೆ ಬಂದು, ಮೂಡಣ ಮಗ್ಗುಲಲ್ಲಿ ನಿಲ್ಲಿಸಿ, "ರೀ, ಆ ಕಡೆ ನೀವು ಇಲಾಖೆಯವರು. ಒಪ್ಪಿದೆ. ಈ ಕಡೆ ನನ್ನವರು. ಬನ್ನಿ ಈಚೆಗೆ" ಎಂದು ಸೂಚಿಸಿದರು. ಇಲಾಖೆಯ ಸೂಚನೆಗಳಿಗಿಂತ ಇದು ಚಿಕ್ಕದಾಗಿಯೂ ಸ್ಪಷ್ಟವಾಗಿಯೂ ಇತ್ತೆಂದು ಪರಿಶೀಲನಾ ಸಮಿತಿ ಅಭಿಪ್ರಾಯಪಟ್ಟಿದೆ.

11. ಚಾಲಕರಿಗೆ ಆಗ ಹೊಳೆದದ್ದೇನೆಂದರೆ: ಗೆರೆಯ ಮೇಲೆ ನಿಂತವನು ಸೇವೆಯಲ್ಲೂ ಇರುತ್ತಾನೆ, ನಿವೃತ್ತನೂ ಆಗಿರುತ್ತಾನೆ, ಅವನ ಸಹಿ ನಡೆಯುತ್ತದೆ. ಬಲಗಾಲು ಪಡುವಣದ ಲಾಂಚಿನಲ್ಲಿ, ಎಡಗಾಲು ಹೆಂಡತಿಯ ದೋಣಿಯಲ್ಲಿ ಇಟ್ಟು, ರಿಜಿಸ್ಟರ್ ತರಿಸಿ, ಸಹಿ ಹಾಕಿದರು. ದಿನಾಂಕ ಬರೆದರು. ದಿನಾಂಕದ ಕೆಳಗೆ ಗೆರೆಯನ್ನೂ ಎಳೆದರು. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿಯ ಬಗ್ಗೆ ಹಿರಿಯರು ಹೇಳಿರುವ ಮಾತು ಗಾದೆಯೇ ಹೊರತು ಮುನ್ನೆಚ್ಚರಿಕೆಯಲ್ಲವೆಂದು ಅವರು ಭಾವಿಸಿದ್ದಂತೆ ತೋರುತ್ತದೆ. ರಿಜಿಸ್ಟರನ್ನು ಸೋದರಸೊಸೆಯತ್ತ ಎಸೆದು, ಸಮವಸ್ತ್ರ ಸಮೇತ ನೀರಿಗೆ ಬಿದ್ದರು. ಅತ್ತೆಯವರು ಕಾಲರ್ ಹಿಡಿದು ಮೂಡಣದ ಕಡೆಯಿಂದ ಎತ್ತಿಕೊಂಡರು. "ಸಹಿ ಒದ್ದೆಯಾಯ್ತಾ?" ಎಂಬುದು ಚಾಲಕರ ಮೊದಲ ಮಾತು. ಒದ್ದೆಯಾಗಿರಲಿಲ್ಲ. ಸೊಸೆಯು ಲಾಂಚನ್ನು ನೇರವಾಗಿ ದಡ ಮುಟ್ಟಿಸಿದರು.

12. ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:
(ಅ) ಇನ್ನು ಮುಂದೆ ನಿವೃತ್ತಿಯು ನೆಲದ ಮೇಲೆ ಮಾತ್ರ ಆಗತಕ್ಕದ್ದು.
(ಆ) ಗೆರೆಯ ಬಳಿ ಸೀನು ಬಂದವರು ಅದನ್ನು ಒಂದೇ ದಡದ ಸಮಯದಲ್ಲಿ ಮುಗಿಸತಕ್ಕದ್ದು.
(ಇ) ಮೂಡಣದಲ್ಲಿ ಶುರುವಾದ ಜಗಳವನ್ನು ಪಡುವಣಕ್ಕೆ ಒಯ್ದು, 'ಅದು ಇನ್ನೂ ಆಗಿಯೇ ಇಲ್ಲ' ಎಂದು ವಾದಿಸತಕ್ಕದ್ದಲ್ಲ.
(ಈ) ಮೀನುಗಳಿಗೆ ವಿನಾಯಿತಿ ಇದೆ.

13. ಚಾಲಕರು ನೀರಿಗೆ ಬಿದ್ದಾಗ ಪಡುವಣದಲ್ಲಿ ನಾಲ್ಕೂಕಾಲು. ಹೀಗಾಗಿ ಆ ದಡದ ಲೆಕ್ಕದಲ್ಲಿ ನಲವತ್ತೈದು ನಿಮಿಷದ ಸೇವೆ ಇನ್ನೂ ಉಳಿದಿರುತ್ತದೆ. ಅದನ್ನು ದಿನಕ್ಕೊಂದು ನಿಮಿಷದಂತೆ ಸಲ್ಲಿಸಲು ಅವರು ಅನುಮತಿ ಕೋರಿ, ಅದು ದೊರೆತಿದೆ. ಅದರಂತೆ ಪ್ರತಿದಿನ ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಪಡುವಣ ದಡಕ್ಕೆ ಹೋಗಿ, ಒಂದು ನಿಮಿಷ ಸೈರನ್ ಊದಿ, ಅದೇ ಲಾಂಚಿನಲ್ಲಿ ಪ್ರಯಾಣಿಕರಾಗಿ, ಟಿಕೆಟ್ ಪಡೆದು ಮರಳುತ್ತಿದ್ದಾರೆ. ಮಿಕ್ಕ ಹೊತ್ತು ದಡದಲ್ಲಿ ನಿಂತಿರುವುದನ್ನು ಅಭ್ಯಾಸ ಮಾಡುತ್ತಿದ್ದು, ಪ್ರಗತಿ ತೃಪ್ತಿಕರ. ಪತ್ನಿಯವರ ನಿರಾಕ್ಷೇಪಣಾ ಪತ್ರ ಲಗತ್ತಿಸಿದೆ: "ಒಂದು ನಿಮಿಷ ತಾನೆ, ಹೋಗಿ ಬರಲಿ. ಎರಡಾದರೆ ನಾನೇ ಬರ್ತೀನಿ."

14. ಬೇಸಿಗೆ ಮುಗಿದು ಗಡಿಯಾರವನ್ನು ಹಿಂದಿಡುವ ದಿನ ಒಂದು ಗಂಟೆ ಎರಡು ಸಲ ಬರುವುದರಿಂದ, ಆ ಹೆಚ್ಚುವರಿ ಅರವತ್ತು ನಿಮಿಷವನ್ನೂ ತಮಗೇ ಕೊಡಬೇಕೆಂದು ಚಾಲಕರು ಈಗಲೇ ಅರ್ಜಿ ಹಾಕಿರುತ್ತಾರೆ. ಅರ್ಜಿಯ ಕೊನೆಯಲ್ಲಿ, "ಬೇರೆ ಯಾರೂ ಕೇಳಿಲ್ಲ ಅಂದುಕೊಂಡಿದ್ದೇನೆ" ಎಂದಿದೆ. ಕಡತ ಹುಡುಕಲಾಗಿ, ಬೇರೆ ಯಾರೂ ಕೇಳಿರುವುದಿಲ್ಲ. ಮಂಜೂರು ಮಾಡಲಾಗಿದೆ.

ಸಹಿ/-
(ಅಸ್ಪಷ್ಟ)
ಉಪ ನಿಯಂತ್ರಕರು, ಗೆರೆ ಮತ್ತು ಪೀಪಾಯಿ ವಿಭಾಗ

ಪ್ರತಿಗಳು:
1. ಪಡುವಣ ದಡದ ಸಮಿತಿಗೆ, ಹದಿನೈದು ದಿನಗಳ ನಂತರ ತೆರೆಯಲು.
2. ಹೊಸ ಚಾಲಕಿಯವರಿಗೆ, ಮಾವನವರು ಸೈರನ್ ಊದುವಾಗ ಗಡಿಯಾರ ನೋಡದಂತೆ ಕೋರಿಕೆಯೊಂದಿಗೆ.
3. ಕ್ಷೌರಿಕರಿಗೆ, ಕೀಲಿ ಸಹಿತ.
4. ಚಾಲಕರ ನಾದಿನಿಯವರಿಗೆ, ಮಾಹಿತಿಗಾಗಿ ಮತ್ತು ಸಮಾಧಾನಕ್ಕಾಗಿ.
5. ಅತ್ತೆಯವರಿಗೆ, ಚಿಕ್ಕ ದೋಣಿಯನ್ನು ಯಾವಾಗ ವಾಪಸು ಕಟ್ಟುತ್ತೀರಿ ಎಂದು ಕೇಳುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇಲ್ಲದ ಕಾರಣ, ಖಾಲಿ ಲಕೋಟೆಯಲ್ಲಿ.
6. ಕಚೇರಿ ಪ್ರತಿ.