ಆಷಾಢದ ಹಿಂದಿನ ಸಂಜೆ ತಾವು ಬಿಟ್ಟ ಆ ಒಂದು ಗೋಲು

ಮುಂಡರಗಿ,
ಆಷಾಢದ ಆರನೆಯ ದಿನ

ಇವರಿಗೆ,
ಹಳದಿ ಅಂಗಿಯ ಗೋಲ್‌ಕೀಪರ್ ಸಾಹೇಬರು,
ಕಂಪ್ಯೂಟರ್ ತಂಡ, ಐದನೆಯ ಹಂತ,
ಮಾರ್ತಾಂಡ ಮಾಸ್ತರರ ಪಡಸಾಲೆ, ಬೆಟಗೇರಿ.

ಮಾನ್ಯರೇ,

ಮೂವತ್ತೇಳು ವರ್ಷಗಳಿಂದ ಎರಡು ಕಂಬಗಳ ನಡುವೆ ಕೂರದೆ, ಮಲಗದೆ, ಒಂದು ಕಪ್ಪು ಚಹಾ ಸಹ ಬೇಡದೆ ನಿಂತಿರುವ ತಮ್ಮ ಚೌಕಾಕಾರದ ಪಾದಗಳಿಗೆ, ಮದುವೆಯಾಗಿ ಎರಡು ತಿಂಗಳೂ ತುಂಬದ ಸೊಸೆಯೊಬ್ಬಳ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಹದಿನಾರು ಚುಕ್ಕೆಗಳ ದೇಹಕ್ಕೆ ನೆಗಡಿಯಾದರೂ ಎಲ್ಲಿಂದ ಬರಬೇಕು. ನಾನು ಕಲಿತದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಅಲ್ಲಿ ನಮಗೆ ಹೇಳಿಕೊಟ್ಟ ಪತ್ರ ಒಂದೇ, ಜ್ವರ ಬಂದಿರುವುದರಿಂದ ಎರಡು ದಿನ ರಜೆ ದಯಪಾಲಿಸಬೇಕೆಂಬುದು. ಆದ್ದರಿಂದ ಈ ಅರ್ಜಿಯಲ್ಲಿ ಎಲ್ಲಿಯಾದರೂ ಜ್ವರದ ಮಾತು ನುಸುಳಿದರೆ ಮನ್ನಿಸಬೇಕು.

ನನ್ನ ಬೇಡಿಕೆ ಚಿಕ್ಕದು. ಕಳೆದ ಅಮಾವಾಸ್ಯೆಯ ಸಂಜೆ ನಾನು ತಮಗೆ ಒಂದು ಗೋಲು ಹೊಡೆದೆ. ಹೊಡೆದದ್ದು ನಿಜವೆಂದು ತಾವು ಒಂದು ಪ್ರಮಾಣಪತ್ರ ಬರೆದುಕೊಡಬೇಕು. ಇಷ್ಟೇ. ಏಕೆ ಬೇಕೆಂಬುದನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕಾಗಿದೆ.

ತಾವು ವಾಸವಾಗಿರುವ ಕಂಪ್ಯೂಟರನ್ನು ನನ್ನ ಮಾವನವರಾದ ಮಾರ್ತಾಂಡ ಮಾಸ್ತರರು ಗಣಿತ ಕಲಿಸುತ್ತಿದ್ದ ಕಾಲದಲ್ಲಿ ಹುಬ್ಬಳ್ಳಿಯಿಂದ ತಂದರಂತೆ. ನೋಡಲು ಬರೀ ಒಂದು ಕೀಬೋರ್ಡು, ಟಿ.ವಿ.ಗೆ ಒಂದು ವೈರು, ಟೇಪ್‌ರೆಕಾರ್ಡರಿಗೆ ಇನ್ನೊಂದು. ಅದರೊಳಗಿನ ಫುಟ್‌ಬಾಲ್ ಆಟವನ್ನು ಎರಡು ವರ್ಷ ಸತತವಾಗಿ ಆಡಿದರೂ ಮಾವನವರು ಐದನೆಯ ಹಂತದಲ್ಲಿ ತಮಗೆ ಒಂದೂ ಗೋಲು ಹೊಡೆಯಲಾಗದೆ, ಇದು ಯಂತ್ರದ ದೋಷವೆಂದು ತೀರ್ಮಾನಿಸಿ, ತಮ್ಮನ್ನು ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಈ ವರ್ಷ ಅವರ ಮಗ, ಅಂದರೆ ನನ್ನ ಯಜಮಾನ ವಿಶ್ರುತ, ಮದುವೆಯ ಪಾತ್ರೆಗಳನ್ನು ಹುಡುಕುವಾಗ ತಮ್ಮನ್ನು ಕಂಡು, ಬೆಸುಗೆ ಹಾಕಿ ಎಬ್ಬಿಸಿದ. ಎಷ್ಟು ಜಾಣ ನೋಡಿ! ಬೇರೆಯವರ ಗಂಡಂದಿರು ಹೆಂಡತಿಯನ್ನು ಊಟಿಗೆ ಕರೆದೊಯ್ಯುತ್ತಾರೆ. ನನ್ನವನು ನನ್ನ ಮುಂದೆ ಹಸಿರು ಬಯಲನ್ನೇ ತಂದಿಟ್ಟ, ಹುಲ್ಲು ಕೊಯ್ಯುವ ಕೆಲಸವೂ ಇಲ್ಲ.

ತಮ್ಮ ಲೋಕದ ವೈಭವವನ್ನು ಹೇಗೆ ಬಣ್ಣಿಸಲಿ. ಆಟ ಶುರುವಾಗುವ ಮುಂಚೆ, ಅದನ್ನು ಕಂಪ್ಯೂಟರಿಗೆ ತುಂಬುವ ಕ್ಯಾಸೆಟ್ಟು ಏಳು ನಿಮಿಷ ಕಿರುಚುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಿಕ್ಸರ್ ಹಚ್ಚುವಂತಿಲ್ಲ, ಜೋರಾಗಿ ನಡೆಯುವಂತಿಲ್ಲ. ಮೊದಲ ದಿನ ಪಕ್ಕದ ಮನೆಯ ಶೇಖವ್ವನವರು ಯಾರಿಗೆ ಏನಾಯಿತೆಂದು ಓಡಿಬಂದಿದ್ದರು. ಆಮೇಲೆ ಹತ್ತು ಹತ್ತು ಆಟಗಾರರು ಹೊರಬರುತ್ತಾರೆ, ಎಲ್ಲರೂ ಒಂದೇ ಮುಖ, ಒಂದೇ ನಡಿಗೆ, ನಮ್ಮ ಮದುವೆಗೆ ಬಂದಿದ್ದ ಶಿರಹಟ್ಟಿಯ ಕಾಕಾಂದಿರ ಹಾಗೆ. ಚೆಂಡು ಚೌಕ. ಚೌಕದ ಚೆಂಡನ್ನು ಉರುಳಿಸುವ ವಿದ್ಯೆ ಜಗತ್ತಿನಲ್ಲಿ ತಮ್ಮವರಿಗೆ ಬಿಟ್ಟರೆ ಯಾರಿಗಿದೆ? ಟಿ.ವಿ.ಯ ವೈರು ಸಡಿಲವಾದ್ದರಿಂದ ಯಾರಾದರೂ ಹಿಂದೆ ನಿಂತು ಅದನ್ನು ಒತ್ತಿ ಹಿಡಿದಿರಬೇಕು. ವಿಶ್ರುತ ದಿನಾ ಹಿಡಿದು ನಿಂತ. ನಾನು ಆಡುವುದನ್ನು ಅವನು ಒಮ್ಮೆಯೂ ನೋಡಿಲ್ಲ, ಟಿ.ವಿ.ಯ ಬೆನ್ನನ್ನಷ್ಟೇ ನೋಡಿದ್ದಾನೆ. ಪ್ರೇಮವೆಂದರೆ ಇದೇ ಎಂದು ನನಗೆ ಪೂರ್ತಿ ಖಾತ್ರಿಯಾಗಿದೆ.

ಹೀಗಿರುವಾಗ ಆಷಾಢ ಹತ್ತಿರ ಬಂತು. ತಮ್ಮ ಬಯಲಿನಲ್ಲಿ ಮಾಸಗಳಿಲ್ಲದ ಕಾರಣ ತಿಳಿಸುತ್ತೇನೆ: ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಸೊಸೆ ತವರಿಗೆ ಹೋಗಬೇಕು. ತವರು ಮುಂಡರಗಿಯಾದರೇನು, ಮಂಗಳ ಗ್ರಹವಾದರೇನು, ವಿಶ್ರುತನಿಲ್ಲದ ಮೂವತ್ತು ದಿನ ಮೂವತ್ತು ದಿನವೇ. ನಾನು ಊಟದ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದನ್ನು ಕಂಡ ಮಾವನವರು ನಕ್ಕು, "ಆ ಹಳದಿ ಅಂಗಿಯವಗ ಒಂದ ಗೋಲು ಹೊಡದು ತೋರಸವಾ. ಆಷಾಢ ಇಲ್ಲೇ ಕಳದರಾತು" ಎಂದರು. ಹೊಡೆಯಲಾರಳೆಂಬ ಧೈರ್ಯ ಅವರಿಗೆ. ಅತ್ತೆಯವರಾದ ಪದ್ಮಾಬಾಯಿಯವರು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಅವರಿಗೆ ನಾನು ಇರುವುದು ಬೇಕೋ ಹೋಗುವುದು ಬೇಕೋ, ಆ ಸಾರಿನಿಂದ ತಿಳಿಯಲಿಲ್ಲ.

ಮುಂದಿನ ಹತ್ತೊಂಬತ್ತು ದಿನ ತಾವು ನನಗೆ ತೋರಿದ ಔದಾರ್ಯಕ್ಕೆ ಋಣಿಯಾಗಿದ್ದೇನೆ. ನಾನು ಬಲಕ್ಕೆ ಹೊಡೆದರೆ ತಾವು ಬಲಕ್ಕೆ, ನಾನು ನಡುವೆ ಹೊಡೆದರೆ ತಾವು ನಡುವೆ. ಮದುವೆಯ ಮಂತ್ರಗಳಲ್ಲಿ ಕೇಳಿದ ಜೊತೆಗೂಡಿ ನಡೆಯುವುದನ್ನು ತಮ್ಮಷ್ಟು ನಿಷ್ಠೆಯಿಂದ ಯಾರೂ ಪಾಲಿಸಿರಲಾರರು.

ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಬೆಳಗಾದರೆ ಆಷಾಢ. ಟಿ.ವಿ.ಯ ಪಕ್ಕದ ಮಣೆಯ ಮೇಲೆ ಪೂಜೆಯಾದ ಮಣ್ಣಿನ ಎತ್ತುಗಳಿದ್ದವು. ಮಾವನವರು ವಾಕಿಂಗಿಗೆ ಹೋಗಿದ್ದರು. ವಿಶ್ರುತ ವೈರು ಹಿಡಿದಿದ್ದ. ಅತ್ತೆಯವರು ಹಿಂದೆ ಕುಳಿತು ಬೇಳೆ ಆರಿಸುತ್ತಿದ್ದರು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಶೇಖವ್ವನವರು ಬಟ್ಟಲು ಹಿಡಿದು ನಿಂತೇ ಬಿಟ್ಟರು. ಎಂಬತ್ತೆಂಟನೆಯ ನಿಮಿಷದಲ್ಲಿ ನನಗೆ ಪೆನಾಲ್ಟಿ ಸಿಕ್ಕಿತು. ಗುಂಡಿಯ ಮೇಲೆ ಬೆರಳಿಟ್ಟೆ. ಆಗ ಹಿಂದಿನಿಂದ ಅತ್ತೆಯವರು ಬೇಳೆಯಿಂದ ತಲೆ ಎತ್ತದೆ, "ಒಂದ ಉಸಿರು ತಡಿ. ಅವ ಮೊದಲ ಎಡಕ್ಕ ಹಾರತಾನ. ಆಮ್ಯಾಲೆ ಹೊಡಿ" ಎಂದರು.

ತಡೆದೆ. ತಾವು ಎಡಕ್ಕೆ ಹಾರಿದಿರಿ. ಚೌಕದ ಚೆಂಡು ಬಲಗಡೆಯಿಂದ ಒಳಗೆ ಹೋಯಿತು. ಸೀಟಿ ಕೂಗಿತು. ಆಟ ಮುಗಿಯಿತು, ಒಂದು–ಸೊನ್ನೆ.

ಇಲ್ಲಿಯವರೆಗೆ ತಪ್ಪು ಯಾರದೂ ಇಲ್ಲ. ಆಮೇಲೆ ಪರದೆಯ ಮೇಲೆ ಗೆದ್ದವರ ಹೆಸರು ಬರೆಯಿರಿ ಎಂಬ ಜಾಗ ಬಂತು. ಹೆಸರು ಬರೆದು ಗುಂಡಿ ಒತ್ತಿದರೆ ವಿಶ್ರುತನ ಟೇಪ್‌ರೆಕಾರ್ಡರು ಅದನ್ನು ಕ್ಯಾಸೆಟ್ಟಿಗಿಳಿಸಿ ಶಾಶ್ವತ ಮಾಡುತ್ತದೆ. ಆ ಜಾಗದಲ್ಲಿ ನನ್ನ ಹೆಸರು ಬರೆಯುವ ಬುದ್ಧಿ ನನಗೆ ಹೊಳೆಯಲೇ ಇಲ್ಲ. ನನ್ನ ಮೊದಲ ಗೋಲು ವಿಶ್ರುತನಿಗೇ ಎಂದು ಎಂದೋ ಹರಸಿಕೊಂಡಿದ್ದೆ. ನಾನು ವಿ ಅಕ್ಷರವನ್ನು ಒತ್ತುವುದನ್ನು ಕಂಡ ಶೇಖವ್ವನವರು ಬಟ್ಟಲು ಕೆಳಗಿಟ್ಟು, "ಗಂಡನ ಹೆಸರು ಹಂಗ ಸುಮ್ಮ ಬರಿತಾರೇನ ತಂಗಿ? ಒಡಪು ಹೇಳು, ಆಮ್ಯಾಲೆ ಬರಿ" ಎಂದರು. ದಿನಕ್ಕೆ ನಲವತ್ತು ಸಲ ವಿಶ್ರುತ, ಟವೆಲ್ಲೆಲ್ಲಿ, ವಿಶ್ರುತ, ಚಾರ್ಜರೆಲ್ಲಿ ಎಂದು ಕೂಗುವಾಗ ಇಲ್ಲದ ಶಾಸ್ತ್ರ ಆಗ ನೆನಪಾಯಿತು. ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಹೇಳುವ ಒಡಪು ನನಗೂ ಇಷ್ಟವೇ, ಎದ್ದು ನಿಂತೆ, ಸೆರಗು ಸರಿಮಾಡಿಕೊಂಡು ಅಲ್ಲೇ ಕಟ್ಟಿದೆ:

ಟಿ.ವಿ.ಯೊಳಗ ಹಸಿರು ಬಯಲು, ಹಳದಿ ಅಂಗಿ ಕಾವಲು,
ವಿಶ್ರುತರಾಯರ ಹೆಸರು ಹೇಳಿ ಹೊಡದೆ ನೋಡ್ರಿ ಗೋಲು.

ಶೇಖವ್ವನವರಿಗೆ ಬಹಳ ಹಿಡಿಸಿತು. "ಚಲೋ ಐತಿ, ಇನ್ನೊಮ್ಮೆ ಹೇಳು" ಎಂದರು. ಇನ್ನೊಮ್ಮೆ ಹೇಳುವಾಗ, ಕಾವಲು ಎಂಬಲ್ಲಿಗೆ, ಕರೆಂಟು ಹೋಯಿತು.

ಕರೆಂಟು ಹೋದರೆ ತಮಗೆ ಏನೂ ನೆನಪಿರುವುದಿಲ್ಲವೆಂಬುದು ನನಗೆ ಗೊತ್ತು. ಅದಕ್ಕೇ ತಮ್ಮ ನಿದ್ರೆ ಅಷ್ಟು ಸುಖವಾದದ್ದು. ಮಾವನವರು ಬಂದಾಗ ಇದ್ದದ್ದು ಕಪ್ಪು ಪರದೆ. ಅವರು ಗಣಿತದ ಮಾಸ್ತರರು, ಉತ್ತರವಷ್ಟೇ ಸಾಲದು, ಬಿಡಿಸಿ ತೋರಿಸಬೇಕು. ಶೇಖವ್ವನವರನ್ನು ಕೇಳಿದರೆ ಅವರು ಒಡಪನ್ನೇ ಮೂರನೆಯ ಸಲ ಹೇಳಿದರು. ವಿಶ್ರುತ ಟಿ.ವಿ.ಯ ಹಿಂದಿದ್ದ, ಮೇಲಾಗಿ ಗಂಡನ ಸಾಕ್ಷಿ ನಡೆಯುವುದಿಲ್ಲವೆಂದು ಮಾವನವರು ತೀರ್ಪು ಕೊಟ್ಟರು. ಉಳಿದವರು ಅತ್ತೆ. ಅವರು ಬೇಳೆಯ ಮೊರವನ್ನೆತ್ತಿಕೊಂಡು, "ನನಗ ಫುಟ್‌ಬಾಲ್ ಏನ ತಿಳೀತದರಿ" ಎಂದು ಅಡುಗೆಮನೆಗೆ ಹೋದರು.

ಮಾನ್ಯರೇ, ಗೋಲು ಹೋದದ್ದಕ್ಕಿಂತ ಅತ್ತೆಯವರ ಆ ಮಾತಿನಿಂದಲೇ ನನಗೆ ಹೆಚ್ಚು ನೋವಾಯಿತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಕಪ್ಪತಗುಡ್ಡ ಕಾಣುವವರೆಗೂ ಆ ಒಂದು ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಸೊಸೆ ಹೋದರೆ ಸಾಕೆಂದೇ ಹಾಗೆಂದರೇ?

ಆದ್ದರಿಂದ ತಮ್ಮಲ್ಲಿ ಕೆಳಕಂಡಂತೆ ಬೇಡಿಕೊಳ್ಳುತ್ತೇನೆ. ತಾವು ಎಡಕ್ಕೆ ಹಾರಿದ್ದು ಹೌದೆಂದು ಬರೆದು ಸಹಿ ಹಾಕಬೇಕು. ತಮ್ಮ ಕೈ ಮೂರೇ ಚುಕ್ಕೆಗಳದ್ದಾದರೆ ಹೆಬ್ಬೆಟ್ಟೂ ನಡೆಯುತ್ತದೆ. ತಮ್ಮ ಹತ್ತು ಜನ ಸಂಗಡಿಗರು ಸಾಕ್ಷಿ ಹಾಕಲಿ, ಮುಖ ಒಂದೇ ಇರುವುದರಿಂದ ಒಬ್ಬರ ಫೋಟೋ ಸಾಕು. ಇದು ಆಗದಿದ್ದರೆ ಆಷಾಢವನ್ನು ತಮ್ಮ ಗಡಿಯಾರದ ಅಧೀನಕ್ಕೆ ತೆಗೆದುಕೊಳ್ಳಬೇಕು. ತಮ್ಮಲ್ಲಿ ತೊಂಬತ್ತು ನಿಮಿಷಗಳು ನಮ್ಮ ಆರು ನಿಮಿಷಗಳಲ್ಲಿ ಮುಗಿಯುತ್ತವೆ. ಆ ಲೆಕ್ಕಕ್ಕೆ ಮೂವತ್ತು ದಿನಗಳು ಎರಡೇ ದಿನಗಳಲ್ಲಿ ತೀರಬೇಕು. ನಾನು ಬಂದು ಆರು ದಿನಗಳಾದವು, ಅಂದರೆ ಮೂರು ಆಷಾಢ ಕಳೆದಿದ್ದೇನೆ. ಯಾವ ಸೊಸೆ ಇಷ್ಟು ಮಾಡಿದ್ದಾಳೆ? ಇದ್ಯಾವುದೂ ಆಗದಿದ್ದಲ್ಲಿ, ನನಗೆ ಜ್ವರ ಬಂದಿರುವುದರಿಂದ ತವರಿನಿಂದ ಇಪ್ಪತ್ನಾಲ್ಕು ದಿನ ರಜೆ ದಯಪಾಲಿಸಬೇಕು.

ತಾವು ಎಡಕ್ಕೇ ಹಾರುತ್ತೀರೆಂದು ಪೂರ್ತಿ ನಂಬಿರುವ,
ತಮ್ಮ ವಿಶ್ವಾಸಿ,
ಅಪೇಕ್ಷಾ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಬೆಟಗೇರಿಯಿಂದ ಅತ್ತೆಯವರ ಫೋನು ಬಂತು. ಮಧ್ಯಾಹ್ನ ಅವರು ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ, ವಿಶ್ರುತನನ್ನು ವೈರಿಗೆ ನಿಲ್ಲಿಸಿ, ಕ್ಯಾಸೆಟ್ಟನ್ನು ಸ್ವತಃ ಹಚ್ಚಿ, ತಮಗೆ ನಾಲ್ಕು ಗೋಲು ಹೊಡೆದರಂತೆ. ಹೆಸರಿನ ಜಾಗ ಬಂದಾಗ ಶೇಖವ್ವನವರು ಒಡಪಿಗೆ ಬಾಯಿ ತೆರೆಯುವುದರೊಳಗೆ ಪದ್ಮಾಬಾಯಿ ಎಂದು ತಮ್ಮದೇ ಹೆಸರು ಬರೆದು ಗುಂಡಿ ಒತ್ತಿದರಂತೆ. ಇದನ್ನು ಯಾವಾಗ ಕಲಿತಿ ಎಂದು ಮಾವನವರು ಕೇಳಿದ್ದಕ್ಕೆ, "ನೀವು 'ಮುಟ್ಟಬ್ಯಾಡ, ಕೆಡತದ' ಅಂತ ಹೇಳಿ ಸಾಲಿಗೆ ಹೋಗತಿದ್ದಿರಲ್ಲ, ಆವಾಗ" ಎಂದರಂತೆ. ಮೂವತ್ತೇಳು ವರ್ಷ ಮುಚ್ಚಿಟ್ಟದ್ದನ್ನು ಅವರು ಬಿಚ್ಚಿದ್ದು ನನಗಾಗಿ. ನನಗೆ ಹೇಳಿದ್ದು ಇಷ್ಟೇ: "ನಾಳೆ ಮುಂಜಾನಿ ಬಸ್ಸಿಗೆ ಬಾ. ಹೊಸ್ತಿಲದ ಚಿಂತಿ ಬ್ಯಾಡ. ನೀ ಮುಂದಿನ ಬಾಗಲದಾಗ ಅಡ್ಡಾಡು, ಈ ತಿಂಗಳ ನಾ ಹಿತ್ತಲ ಬಾಗಲದಾಗ ಅಡ್ಡಾಡತೀನಿ."

ಆದ್ದರಿಂದ ಪ್ರಮಾಣಪತ್ರ ಬೇಡ. ನಾಲ್ಕನೆಯ ಗೋಲಿಗೆ ತಾವು ಹಾರುವ ಗೋಜಿಗೇ ಹೋಗಲಿಲ್ಲವೆಂದು ಕೇಳಿ, ಹಳೆಯ ಗುರುತಿನವರ ಮೇಲಿನ ತಮ್ಮ ಗೌರವಕ್ಕೆ ತಲೆಬಾಗಿದ್ದೇನೆ. ನಾಡಿದ್ದಿನಿಂದ ಮಧ್ಯಾಹ್ನ ನಾವಿಬ್ಬರೂ ಬರುತ್ತೇವೆ. ವೈರು ಹಿಡಿಯಲು ಮಾವನವರು ಒಪ್ಪಿದ್ದಾರೆ.