ಅನಿಲ್ ಕುಮಾರ್ ಅವರ ಅವಿರೋಧ ಆಯ್ಕೆ

ತಮಿಳು ನೆಲದ ಪುರಸೈವಾಕ್ಕಂ ಬಡಾವಣೆಯ ನಮ್ಮ ಪುಟ್ಟ ಕನ್ನಡ ಬಳಗಕ್ಕೆ ಒಂಬತ್ತು ವರ್ಷದಿಂದ ನಾನೇ ಕಾರ್ಯದರ್ಶಿ. ಬೇರೆ ಯಾರೂ ಆ ಕೆಲಸ ಕೇಳಿರಲಿಲ್ಲ ಎಂಬುದು ಬೇರೆ ವಿಷಯ. ಈ ಸಲ ಮಾತ್ರ ರೈಲ್ವೆಯಿಂದ ನಿವೃತ್ತರಾದ ಗುಂಡೂರಾಯರು ಎದುರಿಗೆ ನಿಂತರು. "ಇರೋದೇ ಇಪ್ಪತ್ತೆರಡು ಜನ. ಒಂಬತ್ತು ವರ್ಷದಲ್ಲಿ ಒಬ್ಬರನ್ನಾದ್ರೂ ಸೇರಿಸಿದ್ದೀರಾ ಸ್ವಾಮಿ?" ಎಂದು ತರಕಾರಿ ಅಂಗಡಿಯಲ್ಲಿ ಎಲ್ಲರೆದುರೇ ಕೇಳಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ವಿಮಾ ಕಚೇರಿ ಬಿಟ್ಟ ಮೇಲೆ ನನ್ನನ್ನು ಯಾರಾದರೂ 'ಸಾರ್' ಎನ್ನುವುದು ಆ ಬಳಗದಲ್ಲಿ ಮಾತ್ರ. ಆ ಕುರ್ಚಿ ಹೋದರೆ ನನಗೆ ಉಳಿಯುವುದು ಮನೆಯ ಕುರ್ಚಿಯೊಂದೇ.

ಬಳಗಕ್ಕೊಂದು ಸ್ವಂತ ಸಾಮಾಜಿಕ ಜಾಲತಾಣ ಕಟ್ಟಿ ಸದಸ್ಯರನ್ನು ಹೆಚ್ಚಿಸಲು ತೀರ್ಮಾನಿಸಿದೆ. ಇಲ್ಲೇ ಗಿಂಡಿ ಬಡಾವಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ನಿತ್ಯಾ ಒಮ್ಮೆ ಆ್ಯಪ್ ಕಟ್ಟಿ ನೋಡುವ 'ಪ್ಲೇಗ್ರೌಂಡ್' ಎಂಬ ತಾಣವೊಂದನ್ನು ತೋರಿಸಿದ್ದಳು. ಬ್ರೌಸರಿನಲ್ಲೇ ತೆರೆಯುತ್ತದೆ, ಓಪನ್ ಸೋರ್ಸ್. ಯಾರು ಬೇಕಾದರೂ ಬಿಚ್ಚಿ ತಮಗೆ ಬೇಕಾದಂತೆ ಜೋಡಿಸಿಕೊಳ್ಳಬಹುದು. ಎಡಗಡೆ ಗುಂಡಿ ಒತ್ತಿದರೆ ಬಲಗಡೆ ಆ್ಯಪ್ ಎದ್ದು ನಿಲ್ಲುತ್ತದೆ. ಭಾಷೆ ಕನ್ನಡ ಎಂದು ಆರಿಸಿ, ಒಂದು ಗುಂಡಿಯನ್ನೂ ಬಿಡದೆ ಒತ್ತಿದೆ. ಬಳಗದವರಿಗೆಲ್ಲ ಲಿಂಕ್ ಕಳಿಸಿ, ಕಾಫಿ ಕುಡಿದು ಬಂದು ನೋಡಿದರೆ ಅರವತ್ತು ಸದಸ್ಯರು! ಎಲ್ಲರೂ ಹೊಸಬರು!

"ಸ್ವಾಗತ" ಎಂದು ಬರೆದೆ. ಅರವತ್ತು ಲೈಕು. "ಇಂದು ಸೆಕೆ ಹೆಚ್ಚು" ಎಂದು ಬರೆದೆ. ಅರವತ್ತು ಲೈಕು. ನನ್ನ ಹದಿನಾಲ್ಕು ಪದ್ಯಗಳ ಕವನವನ್ನು ಹಾಕಿದೆ. ಅದಕ್ಕೂ! ಎರಡನೆಯ ಪದ್ಯ ದಾಟಿ ಆ ಕವನವನ್ನು ಅದುವರೆಗೆ ಯಾರೂ ಕೇಳಿದ್ದಿಲ್ಲ.

ಅವರಲ್ಲಿ ಅನಿಲ್ ಕುಮಾರ್ ಎಂಬುವವರು ಬಹಳ ಸಂಭಾವಿತರು. ನಾನು ಏನು ಬರೆದರೂ ಮರುಕ್ಷಣವೇ "ತುಂಬಾ ಚೆನ್ನಾಗಿದೆ! ಹೀಗೇ ಮುಂದುವರಿಸಿ!" ಎನ್ನುತ್ತಿದ್ದರು.

ಹೆಂಡತಿ ವಸಂತಾ ಫೋನಿಗೆ ಇಣುಕಿದಳು. "ಯಾರ್ರೀ ಇವರೆಲ್ಲ? ಒಬ್ಬರದೂ ಫೋಟೋ ಇಲ್ವಲ್ಲ?"

"ಸಂಭಾವಿತರು ಫೋಟೋ ಹಾಕೋದಿಲ್ಲ."

"ನಿಮ್ಮ ಚಿಕ್ಕಮ್ಮ ತೀರಿಹೋದ ಸುದ್ದಿಗೂ 'ಹೀಗೇ ಮುಂದುವರಿಸಿ' ಅಂದಿದ್ದಾರಲ್ರೀ!"

"ಧೈರ್ಯ ಹೇಳಿದ್ದಾರೆ" ಎಂದೆ.

ಅಂಥವರನ್ನು ಬಿಡಬಾರದೆಂದು ಸಹಕಾರ್ಯದರ್ಶಿ ಸ್ಥಾನಕ್ಕೆ ಅವರ ಒಪ್ಪಿಗೆ ಕೇಳಿದೆ. "ತುಂಬಾ ಚೆನ್ನಾಗಿದೆ!" ಎಂದರು. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ಹಾಕಿಸಿ, ಎಂಬತ್ತೆರಡು ಎಲೆಗೆ ಊಟ ಹೇಳಿದೆ.

ಭಾನುವಾರ ವಾರ್ಷಿಕ ಸಭೆ. ಎಂಬತ್ತೆರಡು ಕುರ್ಚಿ, ಅದೇ ಹಳೆಯ ಇಪ್ಪತ್ತೆರಡು ಮುಖ. ಒಂದು ಗಂಟೆ ಕಾದೆವು.

"ಟ್ರಾಫಿಕ್ ಇರಬೇಕು" ಎಂದೆ.

"ಅರವತ್ತು ಜನಕ್ಕೂ ಒಂದೇ ಟ್ರಾಫಿಕ್ಕಾ?" ಎಂದರು ಗುಂಡೂರಾಯರು.

ನಿತ್ಯಾ ನನ್ನ ಫೋನ್ ಕಿತ್ತುಕೊಂಡು ನೋಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಕೂಗಿದಳು. "ಅಯ್ಯೋ ಅಪ್ಪಾ, ಇದೆಲ್ಲಾ ಸ್ಯಾಂಪಲ್ ಡೇಟಾ ಪಾ! ಇವಂಗ ಯಾರುಮೇ ರಿಯಲ್ ಇಲ್ಲ!"

ಆ್ಯಪನ್ನು ಪರೀಕ್ಷಿಸಲೆಂದು ಆ ಪ್ಲೇಗ್ರೌಂಡೇ ಹುಟ್ಟಿಸಿಕೊಡುವ ಸುಳ್ಳು ಸದಸ್ಯರಂತೆ ಅವರು. ಅದಕ್ಕೂ ಒಂದು ಗುಂಡಿಯಿದೆಯಂತೆ. ನಿಜವಾದ ಸದಸ್ಯರಲ್ಲಿ ಒಬ್ಬರೂ ನನ್ನ ಲಿಂಕ್ ತೆರೆದಿರಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಗುಂಡೂರಾಯರು ಎದ್ದು ನಿಂತರು. "ನಾನು ಸ್ಪರ್ಧೆಯಿಂದ ಹಿಂದೆ ಸರೀತೀನಿ."

ನನ್ನ ಕಣ್ಣು ತುಂಬಿ ಬಂತು. ಎಷ್ಟು ದೊಡ್ಡ ಮನಸ್ಸು!

"ಅನಿಲ್ ಕುಮಾರ್ ಅವರನ್ನೇ ಕಾರ್ಯದರ್ಶಿ ಮಾಡೋಣ. ಭಾಷಣ ಮಾಡಲ್ಲ, ಜಗಳ ಆಡಲ್ಲ, ಮುಖ್ಯವಾಗಿ ಕವನ ಓದಲ್ಲ."

ಒಂಬತ್ತು ವರ್ಷದಲ್ಲಿ ನಮ್ಮ ಸಭೆಯಲ್ಲಿ ಅಂಥ ಚಪ್ಪಾಳೆ ನಾನು ಕೇಳಿರಲಿಲ್ಲ. ಅನುಮೋದಿಸುವವರು ಯಾರು ಎಂದಾಗ ಮೊದಲು ಎದ್ದ ಕೈ ವಸಂತಾಳದು.

"ವಿರೋಧವಿದ್ದವರು ಕೈ ಎತ್ತಿ" ಎಂದರು ಗುಂಡೂರಾಯರು. ನಾನು ಎತ್ತಬಹುದಿತ್ತು. ಆದರೆ ಅನಿಲ್ ಕುಮಾರರಿಗೆಂದು ತಂದ ಸೇವಂತಿಗೆ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ.

ಹೊಸ ಕಾರ್ಯದರ್ಶಿಗಳು ಗೈರುಹಾಜರಾದ್ದರಿಂದ ನಡಾವಳಿಯನ್ನು ನಾನೇ ಬರೆದುಕೊಟ್ಟೆ.