ಭಾವನವರ ಶಾಂಘೈ ತಾಲೀಮು

ನಮ್ಮ ಭಾವನವರಿಗೆ ಶಾಂಘೈ ನಗರದ ಸಂದುಗೊಂದುಗಳೆಲ್ಲ ಗೊತ್ತು. ಶಾಂಘೈನವರಿಗೆ ಮಾತ್ರ ಈ ಸಂಗತಿ ಇನ್ನೂ ಗೊತ್ತಾಗಿಲ್ಲ. ಕಂಪನಿಯವರು ಒಮ್ಮೆ ಅವರನ್ನು ಅಲ್ಲಿಗೆ ಕಳಿಸಿದ್ದರು: ವಿಮಾನ ನಿಲ್ದಾಣದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ವಿಮಾನ ನಿಲ್ದಾಣಕ್ಕೆ. ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ ಊರು. ಆ ಕಿಟಕಿ ಅದೆಷ್ಟು ದೊಡ್ಡದಿತ್ತೋ ನಾ ಕಾಣೆ, ಅದರಿಂದ ಹೊರಟ ಸಲಹೆಗಳು ಇನ್ನೂ ಮುಗಿದಿಲ್ಲ!

ಇಷ್ಟೂ ಜ್ಞಾನ ಒಮ್ಮೆಲೇ ಬಂದು ಬಿದ್ದದ್ದು ನಮ್ಮ ಅಕ್ಕನ ತಲೆಯ ಮೇಲೆ. ಜಪಾನಿನ ನಗೋಯಾದಲ್ಲಿ ಸಂಸಾರ ಹೂಡಿ, ಮಗಳು ದೊಡ್ಡವಳಾಗುವವರೆಗೆ ಮನೆಯಲ್ಲೇ ಇದ್ದ ಅಕ್ಕ, ನಲವತ್ತು ದಾಟಿದ ಮೇಲೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದಳು. ಸುಟ್ಟ ಭತ್ತದ ಹೊಟ್ಟಿನಿಂದ ಕೊಳಕು ನೀರನ್ನು ಸೋಸುವುದು ಅವಳ ಸಂಶೋಧನೆ. ಅದರ ಮೊದಲ ಪ್ರಬಂಧವನ್ನು ಮಂಡಿಸಲು ಶಾಂಘೈನ ಸಮ್ಮೇಳನದಿಂದ ಕರೆ ಬಂತು. ಅಕ್ಕನಿಗೆ ಆ ಊರಿನ ಭಯವಿರಲಿಲ್ಲ, ಇದ್ದದ್ದು ವೇದಿಕೆಯ ಭಯ. ಲ್ಯಾಬಿನಲ್ಲಿ ನಾಲ್ಕು ಜನರ ಮುಂದೆ ನಿಂತರೂ ಅವಳ ದನಿ ಎದುರಿಗಿದ್ದವರಿಗೂ ಕೇಳುತ್ತಿರಲಿಲ್ಲ.

“ರೀ, ಒಂದ್ಸಲ ನನ್ನ ಟಾಕ್ ಕೇಳ್ರಿ. ಪ್ರಾಕ್ಟೀಸ್ ಆಗುತ್ತೆ,” ಎಂದಳು.

“ಕೇಳ್ತೀನಿ ಇರು. ಮೊದಲು ಪಾಸ್‌ಪೋರ್ಟ್. ಅದನ್ನ ಯಾವಾಗ್ಲೂ ಜೊತೆಗೇ ಇಟ್ಕೋಬೇಕು. ಹೋಟೆಲಲ್ಲಿ ಕೇಳ್ತಾರೆ, ರೈಲಲ್ಲಿ ಕೇಳ್ತಾರೆ, ಮ್ಯೂಸಿಯಂನಲ್ಲಿ ಕೇಳ್ತಾರೆ.”

“ನಾನು ಮ್ಯೂಸಿಯಂಗೆ ಹೋಗಲ್ಲ.”

“ಹೋಗದೆ ಇದ್ರೂ ಕೇಳ್ತಾರೆ.”

ಜಪಾನಿನಲ್ಲಿ ಬಹಳ ವರ್ಷ ಬದುಕಿದವರಿಗೆ ತಾಲೀಮಿಲ್ಲದೆ ಏನೂ ನಡೆಯುವುದಿಲ್ಲ. ಭಾವನವರಂತೂ ತಮ್ಮ ಅಪಾರ್ಟ್‌ಮೆಂಟಿನ ಭೂಕಂಪ ತಾಲೀಮಿಗೇ ಮುಖಂಡರು. ತಲೆಗೆ ಹೆಲ್ಮೆಟ್, ಕೈಯಲ್ಲಿ ಧ್ವನಿವರ್ಧಕ, ಮೇಜಿನ ಕೆಳಗೆ ತೂರಿದ ಅಜ್ಜಿಯರಿಗೆಲ್ಲ ಅಪ್ಪಣೆ. ಅದೇ ಶಿಸ್ತು ಈಗ ಶಾಂಘೈ ಪ್ರಯಾಣಕ್ಕೂ ಹತ್ತಿತು.

ಮೊದಲ ಪಾಠ, ಹಣ ಕೊಡುವುದು. ಅಲ್ಲಿ ಸುಟ್ಟ ಗೆಣಸು ಮಾರುವವನೂ ನೋಟು ಕಂಡರೆ ಚಿಲ್ಲರೆಯಿಲ್ಲ ಎನ್ನುತ್ತಾನಂತೆ, ಎಲ್ಲಕ್ಕೂ ಫೋನೇ. ಹೊರಡುವ ಮುಂಚೆಯೇ ಆ್ಯಪಿಗೆ ಕಾರ್ಡು ಜೋಡಿಸಿಕೊಂಡಿರಬೇಕು. ನಾವೋ, ರೋಬೋಟುಗಳ ದೇಶದಲ್ಲಿದ್ದುಕೊಂಡು ಪರ್ಸಿನ ತುಂಬ ನಾಣ್ಯ ಝಣಝಣಿಸುತ್ತ ಓಡಾಡುವ ಜನ! ಅಭ್ಯಾಸವಾಗಲೆಂದು ಭಾವ ಫ್ರಿಜ್ಜಿಗೆ, ಅಕ್ಕಿ ಡಬ್ಬಿಗೆ, ಉಪ್ಪಿನಕಾಯಿ ಭರಣಿಗೆ ಒಂದೊಂದು ಕ್ಯೂಆರ್ ಕೋಡ್ ಅಂಟಿಸಿದರು. ಸ್ಕ್ಯಾನ್ ಮಾಡದೆ ಮೊಸರಿಲ್ಲ. ಮಗಳು ಎರಡು ದಿನ ನೋಡಿದಳು. ಮೂರನೆಯ ದಿನ ಕೆಳಗಿನ ಕೊಂಬಿನಿ ಅಂಗಡಿಗೆ ಹೋಗಿ, ನಾಣ್ಯ ಕೊಟ್ಟು ಅನ್ನದುಂಡೆ ತಂದು, ಅಪ್ಪನ ಎದುರಿಗೇ ಕೂತು ತಿಂದಳು.

ಎರಡನೆಯದು ರಸ್ತೆ ದಾಟುವುದು. ಅಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳು ಸದ್ದಿಲ್ಲದೆ ಬರುತ್ತವೆ. ಹಿಂದಿನಿಂದ, ಪಕ್ಕದಿಂದ, ಫುಟ್‌ಪಾತ್ ಮೇಲಿಂದಲೂ. ಹಸಿರು ದೀಪವಿದ್ದರೂ ಎರಡೂ ಕಡೆ ನೋಡಬೇಕು. ಅಕ್ಕನನ್ನೋ, ನಗೋಯಾ ಪಳಗಿಸಿಬಿಟ್ಟಿತ್ತು. ಕೆಂಪು ದೀಪವಿದ್ದರೆ, ಕಣ್ಣು ಹಾಯುವವರೆಗೂ ಒಂದು ಸೈಕಲ್ಲಿಲ್ಲದಿದ್ದರೂ, ಕಂಬದಂತೆ ನಿಂತಿರುತ್ತಾಳೆ.

“ನೀನು ಮೆಜೆಸ್ಟಿಕ್‌ನಲ್ಲಿ ಓಡೋ ಬಸ್ ಹತ್ತಿದೋಳು ಕಣೆ. ಆ ಕಲೆಯೆಲ್ಲ ಎಲ್ಲಿ ಹೋಯ್ತು?” ಎಂದು ಹಳಹಳಿಸಿದ ಭಾವ, ಹಜಾರದಲ್ಲಿ ಮಗಳ ಸೈಕಲ್ ಹತ್ತಿ ಸದ್ದಿಲ್ಲದೆ ಅಕ್ಕನ ಮೇಲೆ ನುಗ್ಗಿದರು. ಅಕ್ಕ ಪಕ್ಕಕ್ಕೆ ಸರಿದಳು. ಬಟ್ಟೆ ಒಣಗಿಸುವ ಸ್ಟ್ಯಾಂಡು ಸರಿಯಲಿಲ್ಲ. ಒದ್ದೆ ಬನೀನು, ಕಾಲುಚೀಲಗಳ ಅಡಿಯಿಂದ ಭಾವನವರ ದನಿ ಬಂತು: “ಕರೆಕ್ಟ್. ಹೀಗೇ ತಪ್ಪಿಸ್ಕೋಬೇಕು.”

“ಪಾಪಾ, ಉರುಸಾಯ್,” ಎಂದು ಮಗಳು ಒಳಗಿನಿಂದ ಗದರಿದಳು. ಗಲಾಟೆ ಸಾಕು ಎಂದು ಅಪ್ಪನಿಗೆ ಜಪಾನೀ ಭಾಷೆಯಲ್ಲಿ ಹೇಳಿದರೆ ಮರ್ಯಾದೆ ಉಳಿಯುತ್ತದೆಂದು ಅವಳ ನಂಬಿಕೆ.

ಕೊನೆಯದು ಅಪರಿಚಿತರ ಪಾಠ. ದೊಡ್ಡ ಪೇಟೆಬೀದಿಯಲ್ಲಿ ಯಾರಾದರೂ ನಗುನಗುತ್ತ ಚಹಾಕ್ಕೆ ಕರೆದರೆ ಹೋಗಕೂಡದು, ಕುಡಿದದ್ದು ಎರಡು ಬಟ್ಟಲಾದರೂ ಬಿಲ್ಲು ಬೆನ್ನು ಮುರಿಯುತ್ತದೆ. ಭಾವ ತಾವೇ ಆ ಮೋಸಗಾರನಾಗಿ, ತಲೆ ಬಾಚಿಕೊಂಡು ಅಡುಗೆಮನೆಗೆ ಬಂದು ನಿಂತರು. “ಮೇಡಂ, ಒಂದು ಕಪ್ ಟೀ ಕುಡಿಯೋಣ ಬನ್ನಿ.”

ಅಕ್ಕ ಸೌಟು ಕೆಳಗಿಟ್ಟಳು. “ನಡೀರಿ.”

“ಬೇಡ ಅನ್ಬೇಕು ಕಣೆ!”

“ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲನೇ ಸಲ ಟೀಗೆ ಕರೀತಿದ್ದೀರಿ. ಹೇಗೆ ಬೇಡ ಅನ್ನಲಿ?”

ಹೀಗೆ ಬಿಸಿನೀರಿನ ಫ್ಲಾಸ್ಕು, ಶೌಚಾಲಯಕ್ಕೆ ಟಿಶ್ಯೂ, ಚೀನೀ ಅಕ್ಷರದಲ್ಲಿ ಬರೆದ ಹೋಟೆಲಿನ ವಿಳಾಸ, ನಮ್ಮ ಆ್ಯಪ್‌ಗಳು ಅಲ್ಲಿ ನಡೆಯುವುದಿಲ್ಲವೆಂದು ಇಲ್ಲಿಂದಲೇ ಹಾಕಿಸಿದ ರೋಮಿಂಗು, ಎಲ್ಲವೂ ಸಿದ್ಧವಾದವು. ಅಕ್ಕನ ಟಾಕ್ ಒಂದನ್ನು ಬಿಟ್ಟು. ಅದನ್ನು ಕೇಳಲು ಭಾವನವರಿಗೆ ಪುರುಸೊತ್ತೇ ಸಿಗಲಿಲ್ಲ.

ಅವಳು ಹೋದ ಮೇಲೆ ಅಡುಗೆಗೆಂದು, ಇದೇ ಊರಿನಲ್ಲಿರುವ ನಾನು ಅವರ ಮನೆಯಲ್ಲಿ ಉಳಿದೆ. ಶಾಂಘೈನಲ್ಲಿ ಅವಳಿಗೆ ಸ್ಕೂಟರು ಗುದ್ದಲಿಲ್ಲ, ಯಾರೂ ಚಹಾಕ್ಕೆ ಕರೆಯಲಿಲ್ಲ. ಸಮ್ಮೇಳನದ ದಿನ ಬೆಳಿಗ್ಗೆ, ಭಾವ ಸೂಟು ತೊಟ್ಟು ಆಫೀಸಿಗೆ ಹೊರಡುತ್ತಿದ್ದಾಗ ವಿಡಿಯೋ ಕರೆ ಬಂತು. ಅಕ್ಕನ ಮುಖ ಬಿಳಿಚಿಕೊಂಡಿತ್ತು.

“ನನ್ನ ಕೈಲಾಗಲ್ಲ ರೀ. ಹುಷಾರಿಲ್ಲ ಅಂತ ಹೇಳಿ ವಾಪಸ್ ಬಂದ್ಬಿಡ್ತೀನಿ.”

ಭಾವ ಬಾಯಿ ತೆರೆದರು. ಇನ್ನೊಂದು ಸಲಹೆ ಬಂತು ಎಂದುಕೊಂಡೆ. ಬರಲಿಲ್ಲ. ಅವರು ಕುರ್ಚಿ ಎಳೆದುಕೊಂಡರು, ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು, ನನಗೂ ಒಲೆ ಆರಿಸಿ ಬರುವಂತೆ ಸನ್ನೆ ಮಾಡಿದರು.

“ಹೇಳು. ನಾವು ಕೇಳ್ತೀವಿ.”

ಅಕ್ಕ ತಡವರಿಸುತ್ತ ಶುರುಮಾಡಿದಳು. ಭಾವ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, ಸಭೆಯಲ್ಲಿ ಕೇಳುವಂತೆ ಕೈಯೆತ್ತಿ, “ಆ ಹೊಟ್ಟನ್ನ ಸುಡೋಕ್ ಮುಂಚೆ ಯಾಕೆ ತೊಳೀಬೇಕು?” ಎಂದರು.

“ಅಯ್ಯೋ, ಈಗ ತಾನೆ ಹೇಳಿದ್ನಲ್ಲ,” ಎಂದು ರೇಗಿದ ಅಕ್ಕ ಅದನ್ನು ಮೊದಲಿಂದ ವಿವರಿಸಿದಳು. ತಡವರಿಕೆ ಇರಲಿಲ್ಲ. ಲ್ಯಾಬಿನಲ್ಲಿ ಕಳೆದುಹೋಗುತ್ತಿದ್ದ ದನಿ ಈಗ ಪಕ್ಕದ ಮನೆಗೂ ಕೇಳುವಂತಿತ್ತು. “ಸರಿ, ಹೊತ್ತಾಯ್ತು, ಹೋಗ್ತೀನಿ,” ಎಂದು ತಾನೇ ಕರೆ ಮುಗಿಸಿದಳು.

ಭಾವ ಕುರ್ಚಿಯಿಂದ ಏಳಲಿಲ್ಲ. “ಇದನ್ನೆಲ್ಲ ಇವಳು ಯಾವಾಗ ಮಾಡಿದ್ಳು?” ಎಂದು ನನ್ನನ್ನು ಕೇಳಿದರು.

“ಮನೆ ಕೆಲಸ ಮುಗಿಸಿ, ಭಾವ.”

ಆಮೇಲೆ ಅವರು ಎದ್ದು ಆಫೀಸಿಗೆ ಫೋನ್ ಮಾಡಿದರು. ಹೆಂಡತಿ ಶಾಂಘೈನಲ್ಲಿ ಮಾತನಾಡುತ್ತಿದ್ದಾಳೆ, ಸುದ್ದಿ ಬರುವವರೆಗೆ ತಾನು ಬರುವುದಿಲ್ಲ, ಸುಮಿಮಾಸೆನ್ ಎಂದರು. ಫೋನಿನಲ್ಲಿ ಕ್ಷಮೆ ಕೇಳುವಾಗಲೂ ನಡು ಬಗ್ಗಿಸುವುದು ಈ ದೇಶದ ರೂಢಿ. ಭಾವ ಆ ದಿನ ನೆಟ್ಟಗೆ ನಿಂತೇ ಕ್ಷಮೆ ಕೇಳಿದರು.